ಹಳದಿ ಅಂಗಿಯಲ್ಲೇ ಬಿದ್ದವನು

ಊರು ಬಿಟ್ಟು ದುಡಿಯುವ ನಮಗೆ ಇದು ಹೊಸದಲ್ಲ. ಇಲ್ಲಿ ನಾವು ಹೊರಗಿನವರು. ರಜೆಗೆ ಊರಿಗೆ ಹೋದರೆ ಅಲ್ಲಿ ನೆಂಟರು. ಸ್ಪೇನ್‌ನ ಸೈಕಲ್ ಪಟು ಲೂಯಿಸ್ ಒಕಾನ್ಯ ಬದುಕಿಡೀ ಇದೇ ಸ್ಥಿತಿಯಲ್ಲಿದ್ದ.

ಹುಟ್ಟಿದ್ದು 1945ರ ಜೂನ್ 9ರಂದು, ಕ್ವೆಂಕಾ ಪ್ರಾಂತ್ಯದ ಪ್ರಿಯೆಗೊ ಎಂಬ ಸಣ್ಣ ಊರಿನಲ್ಲಿ. ಬಡ ಕುಟುಂಬ ಕೆಲಸ ಹುಡುಕಿಕೊಂಡು ಗಡಿ ದಾಟಿ ಫ್ರಾನ್ಸ್‌ನ ನೈರುತ್ಯ ಭಾಗಕ್ಕೆ ಬಂದಾಗ ಆತ ಇನ್ನೂ ಹುಡುಗ. ಬಡಗಿ ಕೆಲಸ ಕಲಿತ, ಜೊತೆಗೆ ಸೈಕಲ್ ಹಿಡಿದ. 1968ರಲ್ಲಿ ವೃತ್ತಿಪರನಾದ; ಅದೇ ವರ್ಷ ಸ್ಪೇನ್‌ನ ರಾಷ್ಟ್ರೀಯ ಚಾಂಪಿಯನ್. 1970ರಲ್ಲಿ ಸ್ಪೇನ್‌ನ ದೊಡ್ಡ ರೇಸ್ ವುಯೆಲ್ಟಾವನ್ನೂ ಗೆದ್ದ. ಆದರೂ ಫ್ರೆಂಚರಿಗೆ ಆತ ಮಾಂಟ್ ದ ಮಾರ್ಸನ್ ಊರಿನ ಸ್ಪೇನಿನವ. ಸ್ಪೇನ್‌ನಲ್ಲಿ ಅನೇಕರಿಗೆ ಅರ್ಧ ಫ್ರೆಂಚ್.

ಅದು ಬೆಲ್ಜಿಯಂನ ಎಡ್ಡಿ ಮರ್ಕ್ಸ್‌ನ ಕಾಲ. 1969 ಮತ್ತು 1970ರ ಟೂರ್ ಡಿ ಫ್ರಾನ್ಸ್ ಗೆದ್ದಿದ್ದ ಆತನ ಮುಂದೆ ಉಳಿದವರು ಎರಡನೇ ಸ್ಥಾನಕ್ಕೆ ತೃಪ್ತರಾಗಿದ್ದರು. ಒಕಾನ್ಯ ಆಗಲಿಲ್ಲ. 1971ರ ಜುಲೈ 8ರಂದು ಗ್ರೆನೋಬಲ್‌ನಿಂದ ಓರ್ಸಿಯರ್ ಮೆರ್ಲೆಟ್‌ವರೆಗಿನ 134 ಕಿ.ಮೀ. ಹಾದಿಯಲ್ಲಿ ಎಲ್ಲರನ್ನೂ ಹಿಂದೆ ಬಿಟ್ಟು ಒಬ್ಬನೇ ಪರ್ವತ ಏರಿದ. ಮರ್ಕ್ಸ್ ಗುರಿ ಮುಟ್ಟಿದ್ದು 8 ನಿಮಿಷ 42 ಸೆಕೆಂಡು ತಡವಾಗಿ. ಮುಂಚೂಣಿ ಸವಾರನ ಹಳದಿ ಅಂಗಿ ಒಕಾನ್ಯನ ಮೈಮೇಲೆ ಬಂತು.

ನಾಲ್ಕೇ ದಿನ. ಜುಲೈ 12ರಂದು ಪಿರನೀಸ್ ಪರ್ವತದಲ್ಲಿ ಸಿಡಿಲು ಮಳೆ. ಮಾಂಟೆ ಘಾಟಿಯ ಇಳಿಜಾರಿನಲ್ಲಿ ಕೆಸರು ನೀರು ಹರಿಯುತ್ತಿತ್ತು. ಮರ್ಕ್ಸ್ ಮುನ್ನುಗ್ಗಿದ. ಒಕಾನ್ಯನ ಕೈಯಲ್ಲಿ ಇನ್ನೂ 7 ನಿಮಿಷಕ್ಕೂ ಹೆಚ್ಚು ಮುನ್ನಡೆ ಇತ್ತು. ಬೆನ್ನು ಹತ್ತುವ ಅಗತ್ಯವೇ ಇರಲಿಲ್ಲ. ಆದರೆ ಬಿಟ್ಟುಕೊಡುವುದು ಆತನ ಸ್ವಭಾವದಲ್ಲಿರಲಿಲ್ಲ. ತಿರುವಿನಲ್ಲಿ ಮರ್ಕ್ಸ್ ಜಾರಿ ಬಿದ್ದು ಎದ್ದು ಹೋದ. ಅಲ್ಲೇ ಬಿದ್ದ ಒಕಾನ್ಯ ಏಳುವಷ್ಟರಲ್ಲಿ ಹಿಂದಿನಿಂದ ಬಂದ ಸವಾರ ಡಿಕ್ಕಿ ಹೊಡೆದ. ಹೆಲಿಕಾಪ್ಟರ್‌ನಲ್ಲಿ ಆಸ್ಪತ್ರೆಗೆ ಸಾಗಿಸಿದರು. ಮರುದಿನ ಹಳದಿ ಅಂಗಿ ತೊಡಲು ಮರ್ಕ್ಸ್ ಒಪ್ಪಲಿಲ್ಲ.

1973ರಲ್ಲಿ ಒಕಾನ್ಯ ಟೂರ್ ಗೆದ್ದೇಬಿಟ್ಟ. 6 ಹಂತಗಳಲ್ಲಿ ಮೊದಲಿಗ. ಎರಡನೆಯ ಸ್ಥಾನದ ಬರ್ನಾರ್ ತೆವೆನೆಗಿಂತ 15 ನಿಮಿಷ 51 ಸೆಕೆಂಡು ಮುಂದೆ. ಆದರೆ ಆ ವರ್ಷ ಮರ್ಕ್ಸ್ ಟೂರ್‌ಗೆ ಬಂದಿರಲಿಲ್ಲ. ಅಷ್ಟು ದೊಡ್ಡ ಗೆಲುವಿಗೂ ಜನ ಆ ಮಾತು ಸೇರಿಸದೆ ಬಿಡಲಿಲ್ಲ.

1977ರಲ್ಲಿ ನಿವೃತ್ತಿ. ಫ್ರಾನ್ಸ್‌ನಲ್ಲೇ ಉಳಿದು ದ್ರಾಕ್ಷಿ ತೋಟ ಮಾಡಿದ. ಸಾಕಿದ ನಾಯಿಗೆ ಮರ್ಕ್ಸ್ ಎಂದೇ ಹೆಸರಿಟ್ಟಿದ್ದನಂತೆ. ಕೊನೆಗೆ ಇಬ್ಬರೂ ಗೆಳೆಯರಾದರು. ಆದರೆ ಕಾಯಿಲೆ, ತಾಪತ್ರಯಗಳು ಬಿಡಲಿಲ್ಲ. 1994ರ ಮೇ 19ರಂದು, 48ನೇ ವಯಸ್ಸಿನಲ್ಲಿ, ತಾನೇ ಬದುಕು ಕೊನೆಗೊಳಿಸಿಕೊಂಡ.

ಮಾಂಟೆ ಘಾಟಿಯ ಆ ತಿರುವಿನಲ್ಲಿ ಇಂದು ಒಕಾನ್ಯನ ಹೆಸರಿನ ಫಲಕವಿದೆ. ಹುಟ್ಟೂರಿಗೂ ದೂರ, ದುಡಿದೂರಿಗೂ ದೂರ. ಅಲ್ಲಿ ನಿಲ್ಲುವ ಸೈಕಲ್ ಸವಾರರು ಆತ ಯಾವ ದೇಶದವನೆಂದು ಕೇಳುವುದಿಲ್ಲ.