ನ್ಯಾಯಾಲಯದಿಂದ ಅಚ್ಚುಕೂಟಕ್ಕೆ: ವಚನ ಪಿತಾಮಹ ಡಾ. ಫ. ಗು. ಹಳಕಟ್ಟಿಯವರು ಕಂಡುಕೊಂಡ ಕಾಯಕ

ಜುಲೈ 2 ವಚನ ಪಿತಾಮಹ ಡಾ. ಫ. ಗು. ಹಳಕಟ್ಟಿಯವರು ಜನಿಸಿದ ದಿನ. ರಾಜ್ಯ ಸರ್ಕಾರವು ಈ ದಿನವನ್ನು ವಚನ ಸಾಹಿತ್ಯ ಸಂರಕ್ಷಣಾ ದಿನವನ್ನಾಗಿ ಆಚರಿಸುತ್ತದೆ. ಮಠಮಾನ್ಯಗಳಲ್ಲಿ, ಶಾಲೆ ಕಾಲೇಜುಗಳಲ್ಲಿ ಅವರ ಭಾವಚಿತ್ರಕ್ಕೆ ಪುಷ್ಪಾರ್ಪಣೆ ನಡೆಯುತ್ತದೆ. ಈ ಸಲ ನಾವು ಆ ಪುಣ್ಯಜೀವನವನ್ನು ಬೇರೊಂದು ಪ್ರಶ್ನೆಯ ಬೆಳಕಿನಲ್ಲಿ ಸ್ಮರಿಸಬಯಸುತ್ತೇವೆ. ಶ್ರೀಮಠಕ್ಕೆ ಬರುವ ಸದ್ಭಕ್ತರಲ್ಲಿ ನಲವತ್ತರ ಆಸುಪಾಸಿನ ಅನೇಕರು ಇತ್ತೀಚೆಗೆ ಒಂದೇ ಅಳಲನ್ನು ತೋಡಿಕೊಳ್ಳುತ್ತಾರೆ. ಉದ್ಯೋಗವಿದೆ, ಸಂಬಳವಿದೆ, ಆದರೆ ಮಾಡುವ ಕೆಲಸದಲ್ಲಿ ಮನಸ್ಸಿಲ್ಲ. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಈ ವಯಸ್ಸಿನಲ್ಲಿ ಬೇರೆ ದಾರಿ ಹಿಡಿಯುವುದು ಸರಿಯೇ ಎಂಬುದು ಅವರ ಅಳಲು. ಇದಕ್ಕೆ ಹೌದು ಅಥವಾ ಅಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸುವುದು ನಮ್ಮಿಂದಾಗದು. ಆದರೆ ಹಳಕಟ್ಟಿಯವರ ಜೀವನವು ಆ ಪ್ರಶ್ನೆಯನ್ನು ಹೇಗೆ ಕೇಳಿಕೊಳ್ಳಬೇಕೆಂಬುದನ್ನು ಕಲಿಸುತ್ತದೆ.

ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು 1880ರಲ್ಲಿ ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು, ಬರವಣಿಗೆಯಲ್ಲಿಯೂ ಆಸಕ್ತರು. ಧಾರವಾಡದಲ್ಲಿ ಓದು ಮುಗಿಸಿದ ಮಗ ಉನ್ನತ ಶಿಕ್ಷಣಕ್ಕೆಂದು ಮುಂಬಯಿಯ ಸೇಂಟ್ ಜೇವಿಯರ್ ಕಾಲೇಜನ್ನು ಸೇರಿದರು. ಅಲ್ಲಿ ಮರಾಠಿ, ಗುಜರಾತಿ ಭಾಷಿಕರಲ್ಲಿದ್ದ ಸ್ವಭಾಷಾಭಿಮಾನವನ್ನು ಕಂಡಾಗ ಕನ್ನಡದ ದೀನಸ್ಥಿತಿ ಅವರ ಮನಸ್ಸನ್ನು ನಾಟಿತು. 1904ರಲ್ಲಿ ಕಾನೂನು ಪದವಿ ಪಡೆದರು. ಕೆಲಕಾಲ ಬೆಳಗಾವಿಯಲ್ಲಿದ್ದು, ಬಳಿಕ ಅಂದಿನ ಬಿಜಾಪುರದಲ್ಲಿ, ಎಂದರೆ ಇಂದಿನ ವಿಜಯಪುರದಲ್ಲಿ, ವಕೀಲಿ ವೃತ್ತಿಯಲ್ಲಿ ನೆಲೆನಿಂತರು. ಸರ್ಕಾರಿ ವಕೀಲರ ಹುದ್ದೆಯೂ ಅವರನ್ನು ಅರಸಿ ಬಂದಿತು. ಉತ್ತರ ಕರ್ನಾಟಕದ ಒಂದು ಶಿಕ್ಷಕ ಕುಟುಂಬದ ಮಗನಿಗೆ ಆ ಕಾಲದಲ್ಲಿ ಇದಕ್ಕಿಂತ ಭದ್ರವಾದ ಬದುಕು ಬೇರೊಂದಿರಲಿಲ್ಲ.

ಹೀಗಿರುವಾಗಲೇ ಅವರ ಒಳಗೆ ಮತ್ತೊಂದು ಕೆಲಸ ಆರಂಭವಾಗಿತ್ತು. ಕಾನೂನು ಓದುತ್ತಿದ್ದ ದಿನಗಳಲ್ಲಿಯೇ ಬನಹಟ್ಟಿಯ ಕಡೆಯ ಮನೆಯೊಂದರಲ್ಲಿ ಅವರು ವಚನಗಳ ತಾಡೋಲೆಗಳನ್ನು ಕಂಡಿದ್ದರು. ಹನ್ನೆರಡನೆಯ ಶತಮಾನದ ಶರಣರ ನುಡಿಗಳು ಊರೂರಿನ ಮಠಗಳಲ್ಲಿ, ಭಕ್ತರ ಮನೆಯ ಜಗಲಿಗಳಲ್ಲಿ ಬಟ್ಟೆಯ ಗಂಟುಗಳೊಳಗೆ ಸೇರಿದ್ದ ಕಾಲವದು. ವಿಭೂತಿ, ಪತ್ರೆ ಏರಿಸಿ ಪೂಜಿಸುವವರು ಅನೇಕರಿದ್ದರು. ಬಿಚ್ಚಿ ಓದುವವರು ವಿರಳ. ಗೆದ್ದಲಿಗೂ ತೇವಕ್ಕೂ ದಿನದಿನಕ್ಕೆ ಒಂದಷ್ಟು ಗರಿಗಳು ಬಲಿಯಾಗುತ್ತಿದ್ದವು. ಈ ನಷ್ಟವನ್ನು ಕಂಡ ಯುವಕ ಹಳಕಟ್ಟಿಯವರಿಗೆ ತಾವು ಮಾಡಬೇಕಾದ ಕೆಲಸ ಯಾವುದೆಂಬುದು ತಿಳಿಯಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ಕೆಲಸ ತಿಳಿದ ಮರುದಿನವೇ ಅವರು ಕರಿಯ ಕೋಟನ್ನು ಕಳಚಿ ಹೊರಡಲಿಲ್ಲ. ಸುಮಾರು ಎರಡು ದಶಕಗಳ ಕಾಲ ಎರಡು ಕೆಲಸಗಳನ್ನೂ ಜೊತೆಯಾಗಿ ನಡೆಸಿದರು. ಹಗಲು ಕಕ್ಷಿದಾರರ ಕಾಗದಪತ್ರ, ಬಿಡುವು ದೊರೆತಾಗ ತಾಡೋಲೆ. ಸುತ್ತಲಿನ ಹಳ್ಳಿಗಳಿಂದ ಹಸ್ತಪ್ರತಿಗಳನ್ನು ತರಿಸುವುದು, ಕೊಡಲೊಲ್ಲದವರ ಮನವೊಲಿಸುವುದು, ನಕಲು ಮಾಡುವುದು, ಒಂದು ಪ್ರತಿಯೊಂದಿಗೆ ಇನ್ನೊಂದನ್ನು ತಾಳೆ ನೋಡುವುದು ನಿರಂತರವಾಗಿ ಸಾಗಿತು. ಇದೇ ಅವಧಿಯಲ್ಲಿ ಸಮಾಜದ ಕೆಲಸವೂ ನಿಲ್ಲಲಿಲ್ಲ. 1910ರಲ್ಲಿ ಬಿ.ಎಲ್.ಡಿ.ಇ. ವಿದ್ಯಾಸಂಸ್ಥೆಯ ಸ್ಥಾಪನೆಗೆ ಕಾರಣರಾದರು. 1912ರಲ್ಲಿ ಶ್ರೀ ಸಿದ್ಧೇಶ್ವರ ಬ್ಯಾಂಕನ್ನು ಆರಂಭಿಸಿದರು. ಮುಂದೆ ಮುಂಬಯಿ ಶಾಸನ ಸಭೆಯ ಸದಸ್ಯರೂ ಆದರು. 1922ರಲ್ಲಿ ಬಸವಣ್ಣನವರ ವಚನಗಳ ಇಂಗ್ಲಿಷ್ ಅನುವಾದವನ್ನು ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಪ್ರಕಟಿಸಿದರು.

ವಕೀಲಿ ವೃತ್ತಿಯಲ್ಲಿ ಕಳೆದ ಆ ವರ್ಷಗಳು ವ್ಯರ್ಥವಾದವೆಂದು ನಾವು ಭಾವಿಸಲಾರೆವು. ಸಾಕ್ಷಿಯನ್ನು ಸಾಕ್ಷಿಯೊಂದಿಗೆ ಒರೆಗೆ ಹಚ್ಚುವುದು, ದಾಖಲೆಯ ಪೂರ್ವಾಪರವನ್ನು ಶೋಧಿಸುವುದು, ಆಧಾರವಿಲ್ಲದ ಮಾತನ್ನು ಬದಿಗಿಡುವುದು ನ್ಯಾಯಾಲಯದ ಶಿಸ್ತು. ವಚನ ಸಂಪಾದನೆಗೆ ಬೇಕಾದುದೂ ಇದೇ ಶಿಸ್ತು. ವಚನವೊಂದರ ಕರ್ತೃವನ್ನು ನಿರ್ಣಯಿಸಲು ಅಂಕಿತವೇ ಮುಖ್ಯ ಆಧಾರ. ಕೂಡಲಸಂಗಮದೇವ ಎಂಬುದು ಬಸವಣ್ಣನವರದು, ಗುಹೇಶ್ವರ ಎಂಬುದು ಅಲ್ಲಮಪ್ರಭುಗಳದು, ಚೆನ್ನಮಲ್ಲಿಕಾರ್ಜುನ ಎಂಬುದು ಅಕ್ಕಮಹಾದೇವಿಯವರದು ಎಂದು ಇಂದು ಶಾಲೆಯ ಮಕ್ಕಳೂ ಹೇಳಬಲ್ಲರು. ಆದರೆ ಹೆಸರೇ ಕೇಳಿರದ ಶರಣರ ಅಂಕಿತಗಳನ್ನು ಅಸ್ತವ್ಯಸ್ತವಾದ ಗರಿಗಳ ನಡುವೆ ಗುರುತಿಸುವುದಕ್ಕೆ ವಕೀಲನ ತಾಳ್ಮೆಯೂ ಭಕ್ತನ ಶ್ರದ್ಧೆಯೂ ಬೇಕಿದ್ದವು. ಹಳೆಯ ವೃತ್ತಿ ಕಲಿಸಿದ್ದನ್ನು ಅವರು ಹೊಸ ಕಾಯಕಕ್ಕೆ ಸಲ್ಲಿಸಿದರು.

ಇಷ್ಟು ಸಿದ್ಧತೆಯ ನಂತರವೂ ದಾರಿ ಸುಗಮವಾಗಿರಲಿಲ್ಲ. ಮುದ್ರಣಕ್ಕೆಂದು ಮಂಗಳೂರಿಗೆ ಕಳುಹಿಸಿದ್ದ ಹಸ್ತಪ್ರತಿ ಅಚ್ಚಾಗದೆ ಹಿಂದಿರುಗಿತು. ಎದೆಗುಂದದೆ ಬೆಳಗಾವಿಯಲ್ಲಿ ಮುದ್ರಿಸಲು ಏರ್ಪಾಡು ಮಾಡಿದರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಹೊರಬಂದಿತು. ಚದುರಿಹೋಗಿದ್ದ ವಚನಗಳನ್ನು ವಿಷಯಾನುಸಾರವಾಗಿ ಜೋಡಿಸಿದ ಆ ಗ್ರಂಥವು ವಚನ ಸಾಹಿತ್ಯದ ಅಧ್ಯಯನಕ್ಕೆ ಭದ್ರ ತಳಹದಿಯಾಯಿತು. ಬೇರೆಯವರ ಮುದ್ರಣಾಲಯವನ್ನು ನಂಬಿ ಇಷ್ಟು ದೊಡ್ಡ ಕೆಲಸ ಸಾಗದೆಂಬುದು ಆಗ ಅವರಿಗೆ ಮನವರಿಕೆಯಾಯಿತು. 1925ರಲ್ಲಿ ತಮ್ಮ ಮನೆಯನ್ನು ಮಾರಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಆಗ ಅವರ ವಯಸ್ಸು ನಲವತ್ತೈದು.

ನ್ಯಾಯಾಲಯದಲ್ಲಿ ವಾದಿಸುತ್ತಿದ್ದವರು ಅಚ್ಚಿನ ಮೊಳೆ, ಮಸಿ, ಕರಡು ತಿದ್ದುವಿಕೆಗಳ ನಡುವೆ ಬದುಕತೊಡಗಿದರು. 1926ರಲ್ಲಿ ಶಿವಾನುಭವ ಪತ್ರಿಕೆ, 1927ರಲ್ಲಿ ನವಕರ್ನಾಟಕ ವಾರಪತ್ರಿಕೆ ಆರಂಭವಾದವು. ಶಿವಾನುಭವವು ಮೂರು ದಶಕಗಳಿಗೂ ಮೀರಿ ನಡೆಯಿತು. ಹರಿಹರನ ರಗಳೆಗಳು ಸೇರಿದಂತೆ ಎಷ್ಟೋ ಕೃತಿಗಳು ಅವರ ಕೈಯಿಂದ ಬೆಳಕು ಕಂಡವು. ಕೆಲವೇ ಶರಣರ ಹೆಸರು ತಿಳಿದಿದ್ದ ನಾಡಿಗೆ ಇನ್ನೂರಕ್ಕೂ ಮಿಕ್ಕ ವಚನಕಾರರ ಪರಿಚಯವಾಯಿತು. 1926ರಲ್ಲಿ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪದವಿ ಅವರಿಗೆ ಸಂದಿತು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ನೀಡಿತು.

ಗೌರವಗಳ ಪಟ್ಟಿಯನ್ನು ಓದುವಾಗ ಮನೆಯೊಳಗಿನ ಕಷ್ಟವನ್ನು ನಾವು ಮರೆಯುತ್ತೇವೆ. ವಕೀಲಿಯ ಆದಾಯ ಕರಗಿತು. ಪತ್ರಿಕೆಯ ಚಂದಾ ಹಣ ಕಾಗದದ ಖರ್ಚಿಗೂ ಸಾಲದಂತಿತ್ತು. ಸ್ವಂತ ಮನೆ ಕಳೆದುಕೊಂಡ ಕುಟುಂಬ ಬಾಡಿಗೆಯ ಮನೆಯಲ್ಲಿ ದಿನ ದೂಡಿತು. ಪತ್ನಿ ಭಾಗೀರಥಿಯವರು ಈ ಬಡತನದ ಸಮಪಾಲನ್ನು ಹೊತ್ತರು. ಹಳಕಟ್ಟಿಯವರ ಹೆಸರಿನ ಮುಂದೆ ನಾವು ಬಿರುದುಗಳನ್ನು ಸೇರಿಸುತ್ತೇವೆ. ಆ ತಾಯಿಯ ಹೆಸರನ್ನು ನಮ್ಮ ಎಷ್ಟು ಸಭೆಗಳಲ್ಲಿ ಉಚ್ಚರಿಸಿದ್ದೇವೆ? ವೃತ್ತಿಯನ್ನು ಬದಲಿಸುವವನು ಒಬ್ಬನೇ ಆದರೂ ಅದರ ಬೆಲೆಯನ್ನು ತೆರುವುದು ಇಡೀ ಮನೆ. ಈ ಹೆಜ್ಜೆಯನ್ನು ಯೋಚಿಸುತ್ತಿರುವ ಸದ್ಭಕ್ತರು ಮೊದಲು ಮನೆಯವರೊಂದಿಗೆ ಕುಳಿತು ಮನಬಿಚ್ಚಿ ಮಾತನಾಡಲಿ ಎಂದು ನಾವು ವಿನಂತಿಸುತ್ತೇವೆ. ಆಯ್ದಕ್ಕಿ ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಅವರನ್ನು ತಿದ್ದಿದವರು ಲಕ್ಕಮ್ಮನವರೇ ಎಂಬುದನ್ನು ನಮ್ಮ ಪರಂಪರೆ ಮರೆತಿಲ್ಲ.

ಇನ್ನೊಂದು ಮಾತನ್ನೂ ಇಲ್ಲಿ ಹೇಳಬೇಕಾಗಿದೆ. ಹಳಕಟ್ಟಿಯವರ ಬಡತನವನ್ನು ನಾವು ವೇದಿಕೆಗಳ ಮೇಲೆ ತ್ಯಾಗವೆಂದು ವರ್ಣಿಸಿ ಚಪ್ಪಾಳೆ ಗಳಿಸುತ್ತೇವೆ. ತ್ಯಾಗ ಅವರದು ನಿಜ. ಆದರೆ ಆ ಬಡತನ ಸಮಾಜದ ಲೋಪವೂ ಹೌದು. ಶರಣಧರ್ಮದಲ್ಲಿ ಕಾಯಕದ ಜೊತೆಗೆ ದಾಸೋಹವಿದೆ. ಒಬ್ಬ ವ್ಯಕ್ತಿ ಎಲ್ಲರಿಗಾಗಿ ದುಡಿಯಲು ತನ್ನ ಗಳಿಕೆಯನ್ನು ಬಿಟ್ಟಾಗ ಅವನ ಒಲೆ ಆರದಂತೆ ನೋಡಿಕೊಳ್ಳುವುದು ಉಳಿದವರ ದಾಸೋಹ. ಇಂದಿಗೂ ಹಸ್ತಪ್ರತಿಗಳನ್ನು ಓದುವ, ಹಳ್ಳಿಯ ಮಕ್ಕಳಿಗೆ ಪಾಠ ಹೇಳುವ ಕೆಲಸಕ್ಕೆಂದು ದೊಡ್ಡ ಸಂಬಳವನ್ನು ಬಿಟ್ಟು ಬರುವ ತರುಣರಿದ್ದಾರೆ. ಅವರನ್ನು ಹೊಗಳುವುದಕ್ಕಿಂತ ಅವರ ಪುಸ್ತಕವೊಂದನ್ನು ಹಣ ಕೊಟ್ಟು ಕೊಳ್ಳುವುದು ಮೇಲು. ಈ ಮಾತು ನಮ್ಮ ಕಾರ್ಯಾಲಯಕ್ಕೂ ಅನ್ವಯಿಸುತ್ತದೆ.

ಹುಟ್ಟಿನಿಂದ ಬಂದ ಕೆಲಸಕ್ಕೇ ಮನುಷ್ಯ ಅಂಟಿಕೊಂಡಿರಬೇಕೆಂದು ಶರಣರು ವಿಧಿಸಲಿಲ್ಲ. ಅರಸೊತ್ತಿಗೆಯನ್ನು ಬಿಟ್ಟು ಕಲ್ಯಾಣಕ್ಕೆ ಬಂದು ಕಟ್ಟಿಗೆಯ ಹೊರೆ ಮಾರಿ ಬದುಕಿದರೆಂದು ಮೋಳಿಗೆ ಮಾರಯ್ಯನವರ ಕಥೆಯನ್ನು ಪರಂಪರೆ ಹೇಳುತ್ತದೆ. ಅದೇ ಪರಂಪರೆ ಯಾವ ಪ್ರಾಮಾಣಿಕ ಕೆಲಸವನ್ನೂ ಕೀಳೆಂದು ಕಾಣಲಿಲ್ಲ. ಆದ್ದರಿಂದ ಇರುವ ಕೆಲಸ ಬೇಸರವೆಂಬ ಒಂದೇ ಕಾರಣಕ್ಕೆ ಬಿಡುವುದು ಕಾಯಕದ ಹುಡುಕಾಟವಾಗದು. ತನ್ನಿಂದಲೇ ಆಗಬೇಕಾದ ಕೆಲಸವೊಂದು ಇದೆಯೇ, ಅದಕ್ಕಾಗಿ ಬಿಡುವಿನ ವೇಳೆಯನ್ನು ವರ್ಷಗಟ್ಟಲೆ ಕೊಡಲು ಮನಸ್ಸು ಒಪ್ಪುತ್ತದೆಯೇ, ಅದರ ಫಲ ತನ್ನೊಬ್ಬನನ್ನೇ ಅಲ್ಲದೆ ಇತರರನ್ನೂ ಮುಟ್ಟುತ್ತದೆಯೇ ಎಂದು ಕೇಳಿಕೊಳ್ಳಬೇಕು. ಈ ಮೂರಕ್ಕೂ ಹೌದೆನ್ನುವ ಉತ್ತರ ಬಂದವರಿಗೆ ನಲವತ್ತೈದು ತಡವಾದ ವಯಸ್ಸಲ್ಲ.

ಹಳಕಟ್ಟಿಯವರು 1964ರ ಜೂನ್ 29ರಂದು ಲಿಂಗೈಕ್ಯರಾದರು. ಎಂಬತ್ತನಾಲ್ಕು ತುಂಬಲು ಮೂರು ದಿನ ಬಾಕಿಯಿತ್ತು. ವಕೀಲರಾಗಿ ಅವರು ಗೆದ್ದ ಮೊಕದ್ದಮೆಗಳು ಯಾವುವೆಂದು ಇಂದು ಯಾರೂ ಕೇಳುವುದಿಲ್ಲ. ಆದರೆ ನಾವು ಪ್ರತಿದಿನ ಪ್ರಾರ್ಥನೆಯಲ್ಲಿ ಹೇಳುವ ವಚನ ನಮ್ಮ ನಾಲಿಗೆಯವರೆಗೆ ಬಂದ ದಾರಿಯಲ್ಲಿ ಅವರು ಮಾರಿದ ಆ ಮನೆಯಿದೆ. ಈ ಜುಲೈ 2ರಂದು ಭಾವಚಿತ್ರಕ್ಕೆ ಹೂವಿಡುವುದರ ಜೊತೆಗೆ ಪ್ರತಿ ಮನೆಯಲ್ಲಿ ವಚನ ಸಂಪುಟವೊಂದನ್ನು ತೆರೆದು ಓದೋಣ. ಮನೆಯ ಅಟ್ಟದಲ್ಲಿ ಹಳೆಯ ತಾಡೋಲೆ, ಕೈಬರಹದ ಪುಸ್ತಕಗಳಿದ್ದರೆ ಗಂಟು ಬಿಚ್ಚಿ ತಿಳಿದವರಿಗೆ ತೋರಿಸೋಣ. ಅವರು ಆರಂಭಿಸಿದ ಕೆಲಸ ಇನ್ನೂ ಮುಗಿದಿಲ್ಲ.