ಬರಿಗಾಲಿನ ಜಿ.ವಿ. ಅಯ್ಯರ್

ಚಿತ್ರದುರ್ಗದ ಕೋಟೆ ನೋಡಲು ಹೋದ ದಿನ ನನ್ನ ಚಪ್ಪಲಿ ಕಿತ್ತುಹೋಗಿದ್ದು ನಿಮಗೆಲ್ಲ ಗೊತ್ತು. ನಾಚಿಕೆಯಾಗಿ ನಾನು ಹಿಂದೆ ಹಿಂದೆ ಉಳಿದೆ. ಆಗ ನಮ್ಮ ಮೇಷ್ಟ್ರು ಬರಿಗಾಲಲ್ಲೇ ಓಡಾಡಿ ಸಿನಿಮಾ ತೆಗೆದವರೊಬ್ಬರ ವಿಷಯ ಹೇಳಿದರು. ಅದನ್ನೇ ಬರೆದಿದ್ದೇನೆ.

ಜಿ.ವಿ. ಅಯ್ಯರ್ 1917ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದರು. ಎಂಟು ವರ್ಷಕ್ಕೇ ಗುಬ್ಬಿ ವೀರಣ್ಣನವರ ನಾಟಕ ಕಂಪನಿ ಸೇರಿದರು. ಆ ವಯಸ್ಸಲ್ಲಿ ನಾವು ಮಗ್ಗಿ ಉರು ಹೊಡೀತಿದ್ವಿ! 1954ರ ಬೇಡರ ಕಣ್ಣಪ್ಪದಲ್ಲಿ ರಾಜ್‌ಕುಮಾರ್ ಜೊತೆ ಪಾತ್ರ ಮಾಡಿದರು. 1960ರಲ್ಲಿ ಇವರು, ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು ಎಲ್ಲಾ ಸೇರಿ ರಣಧೀರ ಕಂಠೀರವ ತೆಗೆದರು. ಹಾಡು, ಸಂಭಾಷಣೆ ಕೂಡ ಬರೀತಿದ್ರು.

1975ರಲ್ಲಿ ಹಂಸಗೀತೆ ಬಂತು. ಇದು ನಮ್ಮ ಜಿಲ್ಲೆಯ ಕತೆ. ಕಾದಂಬರಿ ಬರೆದವರು ತ.ರಾ.ಸು. ಆ ತ ಅಂದರೆ ತಳುಕು, ನಮ್ಮ ಚಳ್ಳಕೆರೆ ತಾಲ್ಲೂಕಿನ ತಳುಕೇ! ದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯ ದೊರೆಯ ಅಪ್ಪಣೆಗೆ ಹಾಡುವ ಬದಲು ತನ್ನ ನಾಲಿಗೆಯನ್ನೇ ಕತ್ತರಿಸಿಕೊಳ್ತಾನೆ. ಆ ಪಾತ್ರ ಮಾಡಿದವರು ಅನಂತನಾಗ್. ಇದರಲ್ಲಿ ಹಾಡಿದ್ದಕ್ಕೆ ಬಾಲಮುರಳಿಕೃಷ್ಣ ಅವರಿಗೆ ರಾಷ್ಟ್ರಪ್ರಶಸ್ತಿ ಸಿಕ್ಕಿತು. ನಮ್ಮ ಮಾವನ ಮೊಬೈಲಲ್ಲಿ ಸ್ವಲ್ಪ ನೋಡಿದೆ. ಫೈಟಿಂಗ್ ಇಲ್ಲ, ಬಹಳ ನಿಧಾನ. ನನ್ನ ತಮ್ಮ ಎದ್ದು ಹೋದ. ನನಗೆ ಮಾತ್ರ ಬಿಡೋಕೆ ಮನಸ್ಸಾಗಲಿಲ್ಲ.

1983ರಲ್ಲಿ ಅಯ್ಯರ್ ಅವರು ಆದಿ ಶಂಕರಾಚಾರ್ಯ ಸಿನಿಮಾ ಮಾಡಿದರು. ಅದು ಸಂಸ್ಕೃತದ ಮೊದಲನೇ ಸಿನಿಮಾ. ಸಂಸ್ಕೃತ ಸಿನಿಮಾಕ್ಕೆ ಟಿಕೆಟ್ ಯಾರು ತಗೋತಾರೆ ಅಂತ ಯೋಚಿಸಿದ್ದರೆ ಅದು ಆಗ್ತಾನೇ ಇರಲಿಲ್ಲ. ಆದರೆ ದೇಶಕ್ಕೇ ಅತ್ಯುತ್ತಮ ಚಿತ್ರ ಅಂತ ಪ್ರಶಸ್ತಿ ಬಂತು. ಆಮೇಲೆ 1993ರ ಭಗವದ್ಗೀತೆಗೂ ಅದೇ ಪ್ರಶಸ್ತಿ ಬಂತು. ನಡುವೆ ಮಧ್ವಾಚಾರ್ಯರ ಮೇಲೆ ಕನ್ನಡದಲ್ಲಿ, ರಾಮಾನುಜಾಚಾರ್ಯರ ಮೇಲೆ ತಮಿಳಿನಲ್ಲಿ ಸಿನಿಮಾ ಮಾಡಿದರು. 2003ರ ಡಿಸೆಂಬರ್ 21ರಂದು ಮುಂಬಯಿಯಲ್ಲಿ ತೀರಿಕೊಂಡರು. ಆಗ ಅವರಿಗೆ 86 ವರ್ಷ.

ಬರಿಗಾಲಿನ ನಿರ್ದೇಶಕ ಅಂತಲೇ ಅವರಿಗೆ ಹೆಸರು. ಆದರೆ ಒಂದು ಮಾತು. ಅವರು ಬೇಡ ಅಂತ ಚಪ್ಪಲಿ ಬಿಟ್ಟವರು, ನನಗೆ ಇದ್ದದ್ದೇ ಒಂದು ಜೊತೆ. ಎರಡೂ ಒಂದೇ ಅಲ್ಲ ಸಾರ್ ಅಂತ ಮೇಷ್ಟ್ರಿಗೆ ಹೇಳಿದೆ. ಅವರು ನಕ್ಕು ಹೌದು ಅಂದರು.

ಆಮೇಲೆ ಓಬವ್ವನ ಕಿಂಡಿವರೆಗೂ ನಾನೇ ಎಲ್ಲರಿಗಿಂತ ಮುಂದೆ ನಡೆದೆ. ಬಂಡೆ ಚೆನ್ನಾಗಿ ಕಾದಿತ್ತು. ಶೇಂಗಾ ಮಾರಿದ ಮೇಲೆ ಹೊಸ ಚಪ್ಪಲಿ ಕೊಡಿಸ್ತೀನಿ ಅಂತ ಅಪ್ಪ ಹೇಳಿದ್ದಾರೆ.

7ನೇ ತರಗತಿ, ದೊಡ್ಡಉಳ್ಳಾರ್ತಿ