ಭಟ್ಟಾಕಳಂಕ

ಭಟ್ಟಾಕಳಂಕದೇವನು 17ನೆಯ ಶತಮಾನದ ಆದಿಭಾಗದಲ್ಲಿದ್ದ ಜೈನ ಯತಿ ಹಾಗೂ ವೈಯಾಕರಣ. ಹಳಗನ್ನಡದ ವ್ಯಾಕರಣಕಾರರಲ್ಲಿ ಎರಡನೆಯ ನಾಗವರ್ಮ, ಕೇಶಿರಾಜರ ಅನಂತರ ಎಣಿಸಲ್ಪಡುವವನು ಈತನೇ. ಇಂದಿನ ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ಸಮೀಪದ ಹಾಡುವಳ್ಳಿ ಮಠದ ಅಕಳಂಕದೇವನು ಈತನ ಗುರು. ಹಾಡುವಳ್ಳಿಗೆ ಸಂಗೀತಪುರವೆಂಬ ಹೆಸರೂ ಉಂಟು.

ಶಬ್ದಾನುಶಾಸನ

1604ರಲ್ಲಿ ಮುಗಿದ ಕರ್ಣಾಟಕ ಶಬ್ದಾನುಶಾಸನವು ಈತನ ಕೀರ್ತಿಗೆ ಆಧಾರ. ನಾಲ್ಕು ಪಾದಗಳಲ್ಲಿ 592 ಸಂಸ್ಕೃತ ಸೂತ್ರಗಳಿವೆ. ಭಾಷಾಮಂಜರಿ ಎಂಬ ವೃತ್ತಿಯನ್ನೂ ಮಂಜರೀಮಕರಂದ ಎಂಬ ವ್ಯಾಖ್ಯಾನವನ್ನೂ ತಾನೇ ರಚಿಸಿದನು. ಉದಾಹರಣೆಗಳನ್ನು ಕನ್ನಡ ಕಾವ್ಯಗಳಿಂದ ಆರಿಸಿದನು. ಕನ್ನಡವು ಶಾಸ್ತ್ರಕ್ಕೆ ಒದಗದ ಭಾಷೆ ಎಂಬ ಆಕ್ಷೇಪವನ್ನು ಒಪ್ಪದೆ, 96,000 ಗ್ರಂಥಪ್ರಮಾಣದ ಚೂಡಾಮಣಿಯನ್ನು ಸಾಕ್ಷಿಯಾಗಿ ಮುಂದಿಟ್ಟನು. ಆ ಕೃತಿ ಇಂದು ಉಪಲಬ್ಧವಿಲ್ಲ. ಈ ವಾದವನ್ನು ಸಂಸ್ಕೃತದಲ್ಲಿಯೇ ಮಂಡಿಸಿದ್ದು ವಿಚಿತ್ರವೆನಿಸಬಹುದು. ಆದರೆ ಆಕ್ಷೇಪಿಸುವ ಪಂಡಿತರು ಓದುತ್ತಿದ್ದುದು ಆ ಭಾಷೆಯನ್ನೇ.

ಸೂತ್ರಶೈಲಿ ಮತ್ತು ಹೆಸರುಗಳ ವ್ಯಾಪ್ತಿ

ಗ್ರಂಥವು ಪಾಣಿನಿಯ ಸೂತ್ರಪದ್ಧತಿಯನ್ನು ಅನುಸರಿಸುತ್ತದೆ. ಆ ಪದ್ಧತಿಯಲ್ಲಿ ಹೆಸರಿಗೆ ಎಲ್ಲೆಯುಂಟು. ಗುಣ ಎಂಬುದು ಲೋಕರೂಢಿಯಲ್ಲಿ ಸ್ವಭಾವ; ಪಾಣಿನಿಯ ಶಾಸ್ತ್ರದೊಳಗೆ ಅ, ಏ, ಓ ಎಂಬ ಸ್ವರಗಳಿಗೆ ಇಟ್ಟ ಸಂಜ್ಞೆ. ಶಾಸ್ತ್ರದ ಹೊರಗೆ ಆ ಅರ್ಥ ಸಲ್ಲದು. ಒಂದು ಸೂತ್ರದ ಪದವು ಮುಂದಿನ ಸೂತ್ರಗಳಿಗೆ ತಾನಾಗಿ ಹರಿದುಬರುವುದು ಅನುವೃತ್ತಿ. ಒಂದು ಪ್ರಕರಣವನ್ನೆಲ್ಲ ಆಳುವ ಪದ ಅಧಿಕಾರ. ಅದು ಎಲ್ಲಿಯವರೆಗೆ ಹರಿದು ಎಲ್ಲಿ ನಿಲ್ಲುತ್ತದೆಂದು ತಿಳಿಯದಿದ್ದರೆ ಸೂತ್ರವು ಒಗಟಾಗಿಯೇ ಉಳಿಯುತ್ತದೆ. ಸೂತ್ರಕಾರನೇ ವೃತ್ತಿಯನ್ನೂ ಬರೆದುದರ ಬೆಲೆ ಇಲ್ಲಿ ಗೊತ್ತಾಗುತ್ತದೆ.

ಕಂಪ್ಯೂಟರ್ ಪ್ರೋಗ್ರಾಮಿಂಗ್ ಕಲಿಯುವ ವಿದ್ಯಾರ್ಥಿಗಳಿಗೂ ಇಂಥದೇ ತೊಡಕು ಎದುರಾಗುತ್ತದೆ. ಪೈಥಾನ್ ಭಾಷೆಯಲ್ಲಿ ಕ್ಲಾಸಿನ ಒಡಲಿನಲ್ಲಿ ಇಟ್ಟ ವೇರಿಯಬಲ್ ಹೆಸರು ಅದೇ ಕ್ಲಾಸಿನ ಮೆಥಡ್‌ಗಳೊಳಗೆ ತಾನಾಗಿ ಕಾಣುವುದಿಲ್ಲ. ಕ್ಲಾಸಿನ ಹೆಸರನ್ನೋ ಸೆಲ್ಫ್ ಎಂಬುದನ್ನೋ ಮುಂದಿಟ್ಟು ಕರೆಯಬೇಕು. ಅನುವೃತ್ತಿಯು ಮೆಥಡ್‌ನ ಹೊಸ್ತಿಲಲ್ಲಿಯೇ ನಿಂತಿತೆನ್ನಬಹುದು. ಪ್ರೋಗ್ರಾಮಿಂಗ್ ಭಾಷೆಗಳ ವ್ಯಾಕರಣವನ್ನು ಬರೆಯುವ ಬ್ಯಾಕಸ್ ಪದ್ಧತಿಗೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದು ಪೀಟರ್ ಇಂಗರ್‌ಮನ್ 1967ರಲ್ಲಿ ಸೂಚಿಸಿದ್ದರು. ಆದರೂ ಇದು ಹೋಲಿಕೆಯೇ ಹೊರತು ಗುರುಪರಂಪರೆಯಲ್ಲ. ಭಟ್ಟಾಕಳಂಕನನ್ನು ಕಂಪ್ಯೂಟರ್ ವಿಜ್ಞಾನಿಯೆಂದು ಹೊಗಳುವುದು ಸಲ್ಲದು.

ಮುದ್ರಣ

ಬಿ. ಎಲ್. ರೈಸ್ ಅವರು 1890ರಲ್ಲಿ ಬೆಂಗಳೂರಿನಲ್ಲಿ ಶಬ್ದಾನುಶಾಸನವನ್ನು ಸಂಪಾದಿಸಿ ಪ್ರಕಟಿಸಿದರು. ಆರ್. ನರಸಿಂಹಾಚಾರ್ಯರ ಪರಿಷ್ಕೃತ ಆವೃತ್ತಿ 1923ರಲ್ಲಿ ಹೊರಬಂದಿತು.